ಬಟ್ಟೆ ಮುಚ್ಚಿದ ಬುಟ್ಟಿ

“ಬುಟ್ಟೀನ ಗೇಟಿನಾಚೆ ಇಡಮ್ಮ! ಒಳಕ್ಕೆ ತರಬೇಡ!”

ದೇವೀರಪ್ಪ ಅರಚಿದ್ದು ಅವನ ಫಾರಂನಲ್ಲಿ ಕೋಳಿಮರಿ ಕೊಳ್ಳಲು ನಿಂತಿದ್ದ ಹತ್ತು ಜನಕ್ಕೂ ಕೇಳಿಸಿತು. ಮಹದೇವಮ್ಮ ಕದಲಲಿಲ್ಲ. ಬೆಳಗಿನ ಬಸ್ಸಿಗೆ ಜಾವಗಲ್ ಬಿಟ್ಟು, ಅರಸೀಕೆರೆಯಲ್ಲಿಳಿದು ಅರ್ಧ ಗಂಟೆ ಬಸ್ ಸ್ಟ್ಯಾಂಡ್ ಸುತ್ತಿ, ಇನ್ನೊಂದು ಬಸ್ ಹಿಡಿದು ಗಂಡಸಿ ಊರಿನ ಈ ಫಾರಂಗೆ ಬಂದಿದ್ದಳು. ಸುಮ್ಮನೆ ಹಿಂದಿರುಗುವ ಹೆಂಗಸಲ್ಲ ಅವಳು.

ಅದು ತೊಂಬತ್ತೇಳರ ಬೇಸಿಗೆ. ಹೋದ ತಿಂಗಳು ಇದೇ ಗೇಟಿನಲ್ಲಿ ತನ್ನ ಬೀದಿಯ ಹನ್ನೊಂದು ಮನೆಗೂ ಗಿರಿರಾಜ ತಳಿಯ ಮರಿ ಕೊಡಿಸಿದ್ದಳು. “ನಾನಿದ್ದೀನಿ, ತಗೊಳ್ರೇ” ಎಂದು ಮುಂದೆ ನಿಂತವಳೂ ಅವಳೇ. ನಾಲ್ಕನೇ ದಿನಕ್ಕೆ ಮರಿಗಳ ಕತ್ತು ತಿರುಚಿಕೊಂಡಿತು, ಹಸಿರು ಹಿಕ್ಕೆ ಶುರುವಾಯಿತು. ಕೊಕ್ಕರೆ ರೋಗ, ವೈರಸ್ಸು, ಬಂದ ಮೇಲೆ ಮದ್ದಿಲ್ಲ ಎಂದರು ದನದ ಡಾಕ್ಟರು. ನೂರಾಹತ್ತು ಮರಿಯಲ್ಲಿ ಒಂದೂ ಉಳಿಯಲಿಲ್ಲ. ಜೊತೆಗೆ ಬೀದಿಯ ನಾಟಿಕೋಳಿಗಳೂ ಹೋದವು. ಗುಂಡಿ ತೋಡಿ ಹೂಳುವಾಗ ಎದುರುಮನೆ ಮುತ್ತಮ್ಮ, “ಇವಳಿಗೇನು, ಕಮಿಷನ್ ಸಿಕ್ತಲ್ಲ” ಎಂದುಬಿಟ್ಟಳು. ಮರಿ ಹೋದರೆ ಹೋಗಲಿ, ಹೆಸರು ಹೋಗಿತ್ತು. ಅದನ್ನು ವಾಪಸ್ ಪಡೆಯಲೇ ಈಗ ಬಂದಿದ್ದಳು.

“ನಿಮ್ಮ ಮರಿ ರೋಗ ಹೊತ್ಕೊಂಡೇ ನಮ್ಮೂರಿಗೆ ಬಂದ್ವು. ಇಷ್ಟು ಜನದ ಮುಂದೆ ಒಪ್ಕಳಿ,” ಎಂದಳು.

ದೇವೀರಪ್ಪ ನಕ್ಕ. “ನನ್ನ ಶೆಡ್ಡಿಗೆ ರೋಗ ಕಾಲೇ ಇಟ್ಟಿಲ್ಲ ಕಣಮ್ಮ. ನಿಮ್ಮ ತಿಪ್ಪೆ, ನಿಮ್ಮ ಚರಂಡಿ. ನಾನೇನ್ ಮಾಡ್ಲಿ?”

ಕಾಲೇ ಇಡದ ರೋಗಕ್ಕೆ ಶೆಡ್ಡಿನ ಬಾಗಿಲಲ್ಲಿ ಅಷ್ಟೊಂದು ಸುಣ್ಣ ಯಾಕೆ ಸುರಿದಿದ್ದನೋ! ಅವನು ಅಷ್ಟಕ್ಕೇ ಬಿಡಲಿಲ್ಲ. ಬಾಣಾವರದಿಂದ ಬಂದಿದ್ದ ರೈತ ಪುಟ್ಟಸ್ವಾಮಿಯ ಮುಂದೆ ಒಂದು ಮರಿ ಹಿಡಿದು ರೆಕ್ಕೆ ಎತ್ತಿದ.

“ನೋಡಿ ಗೌಡ್ರೇ, ಒಂದೊಂದು ಸಲ ಮಾರೋ ಮರಿಗೆ ಒಂದೊಂದು ಬಣ್ಣ ಹಚ್ತೀನಿ. ಹೋದ ತಿಂಗಳು ಕೆಂಪು, ನಿನ್ನೆಯಿಂದ ನೀಲಿ. ಇಲ್ಲಾಗ್ಲಿ, ನಮ್ಮ ಬಾಮೈದ ಅರಸೀಕೆರೇಲಿ ಸೈಕಲ್ ಮೇಲೆ ಮಾರೋದ್ರಲ್ಲಾಗ್ಲಿ, ಈ ಗುರುತಿದ್ರೆ ನನ್ನ ಮರಿ, ನನ್ನ ಗ್ಯಾರಂಟಿ.”

ಮಹದೇವಮ್ಮ ಹೂತ ಮರಿಗಳ ರೆಕ್ಕೆಯಡಿ ಕೆಂಪಿತ್ತು. ಅವಳ ಮೈಯೆಲ್ಲ ಉರಿಯಿತು. ಬುಟ್ಟಿಯ ಬಟ್ಟೆ ಕಿತ್ತೆಸೆದಳು.

ಸತ್ತ ಕೋಳಿ ಇರಬೇಕೆಂದು ಜನ ಆಗಲೇ ಮೂಗು ಮುಚ್ಚಿಕೊಂಡಿದ್ದರು. ಒಳಗಿದ್ದದ್ದು ಆರು ಮರಿ, ಜೀವವಿತ್ತು. ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿದ್ದವು. ಒಂದರ ಕತ್ತು ಬೆನ್ನಿನ ಕಡೆಗೆ ತಿರುಗಿತ್ತು.

“ಇದು ರೋಗವೋ ಅಲ್ವೋ, ನೀವೇ ಹೇಳಿ.”

ದೇವೀರಪ್ಪ ದಡಬಡಿಸಿ ಹಿಂದೆ ಸರಿದ. “ಕೊಕ್ಕರೆ ರೋಗ! ಕಣ್ಣು ಕಾಣಲ್ವಾ? ಹಿಡಿದು ನಾಲ್ಕು ದಿನ ಆಗೈತೆ!”

“ನಾಲ್ಕು ದಿನ? ಖಂಡಿತಾನಾ?”

“ಹದಿನೈದು ವರ್ಷದಿಂದ ಕೋಳಿ ಸಾಕ್ತಿದ್ದೀನಿ. ನಮ್ಮಪ್ಪನಾಣೆ, ಒಂದು ದಿನಾನೂ ಕಮ್ಮಿ ಇಲ್ಲ. ಇಂಥ ಮರೀನ ಗೊತ್ತಿದ್ದೂ ಊರೊಳಗೆ ಬಿಡೋರ್ನ ಕಂಬಕ್ಕೆ ಕಟ್ಟಿ ಬಾರಿಸ್ಬೇಕು!”

ಜನ ತಲೆಯಾಡಿಸಿದರು. “ತಪ್ಪು ನಿಂದೇ ಕಣಮ್ಮ,” ಎಂದ ಪುಟ್ಟಸ್ವಾಮಿ. “ಮನೇಲಿ ರೋಗ ಇಟ್ಕೊಂಡು ಇನ್ನೊಬ್ಬರ ಬಾಗಿಲಿಗೆ ಬಂದಿದ್ದೀಯಲ್ಲ.”

ಇಡೀ ದಿನದಲ್ಲಿ ಮೊದಲ ಬಾರಿಗೆ ಮಹದೇವಮ್ಮನಿಗೆ ಸಿಟ್ಟು ಬರಲಿಲ್ಲ. ಬುಟ್ಟಿಯನ್ನು ಪುಟ್ಟಸ್ವಾಮಿಯ ಮುಂದೆ ಹಿಡಿದಳು.

“ಅಣ್ಣಾ, ರೆಕ್ಕೆ ಎತ್ತಿ ನೋಡಿ.”

ಬೆಳಿಗ್ಗೆ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ದೇವೀರಪ್ಪನ ಬಾಮೈದ ಅವಳಿಗೆ ಮಾರಿದ್ದ ಆ ಆರು ಮರಿಗಳ ರೆಕ್ಕೆಯಡಿಯ ನೀಲಿ ಇನ್ನೂ ಹಸಿಯಾಗಿತ್ತು.