ಅಪೆನಿಸಾ ನಕ್ಕ ಬೆಳಗು

ಅಮ್ಮ ಹೋದಳೆಂದು ಇಲೈತಿಯಾ ಹೇಳಿದಾಗ ಅವನ ಅಣ್ಣ ನಕ್ಕ.

ಸಣ್ಣ ನಗುವಲ್ಲ. ತುಟಿ ಅಗಲಿಸಿ, ಹಲ್ಲು ಬಿಟ್ಟು, ಮದುವೆಮನೆಯ ಬಾಗಿಲಲ್ಲಿ ನಿಂತು ನೆಂಟರನ್ನು ಕರೆಯುವವನ ಹಾಗೆ.

ಇಬ್ಬರೂ ದುಡಿಯುತ್ತಿದ್ದ ಕಂಪನಿಯ ಬೆಳಗಿನ ಮೀಟಿಂಗ್ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿತ್ತು. ಸಾಲೊತೆ ಚಿಕ್ಕಮ್ಮ ಲೆವುಕಾ ಆಸ್ಪತ್ರೆಯಿಂದ ಓಡಿ ಬಂದು ಹೊಸ್ತಿಲಲ್ಲೇ ಕುಸಿದಿದ್ದಳು. ಕೆಲಸದ ಹೊತ್ತಿನಲ್ಲಿ ಯಾರೂ ಫೋನ್ ಮುಟ್ಟುವಂತಿರಲಿಲ್ಲ. ಕಡಲಾಚೆ ಸುವಾ ಪಟ್ಟಣದಲ್ಲಿದ್ದ ಅಣ್ಣನಿಗೆ ಸುದ್ದಿ ಮುಟ್ಟಿಸಲು ಎದುರಿಗಿದ್ದದ್ದು ಆ ಪರದೆಯೊಂದೇ.

"ಅಣ್ಣಾ, ಅಮ್ಮ ಹೋಗ್ಬಿಟ್ಲು."

"ಯಾವಾಗ?" ಎಂದ ಅಪೆನಿಸಾ. ದನಿ ನಡುಗುತ್ತಿತ್ತು. ಮುಖ ನಗುತ್ತಲೇ ಇತ್ತು.

ಸಿಡ್ನಿಯಿಂದ ಮ್ಯಾನೇಜರ್ ಬ್ರಿಯೋನಿ ಬಾಯಿ ಹಾಕಿದಳು. "ತುಂಬಾ ಬೇಜಾರಿನ ಸುದ್ದಿ. ಇಂಥ ಹೊತ್ತಲ್ಲೂ ನೀವಿಬ್ರೂ ತೋರಿಸ್ತಿರೋ ಮನೋಬಲ ಇದ್ಯಲ್ಲ, ಎಲ್ರೂ ಕಲೀಬೇಕು. ಅದಕ್ಕೊಂದು ಚಪ್ಪಾಳೆ ಕೊಡೋಣ್ವಾ?"

ಪರದೆಯ ತುಂಬ ಹಳದಿ ಬಣ್ಣದ ಪುಟ್ಟ ಕೈಗಳು ಎದ್ದು ಚಪ್ಪಾಳೆ ತಟ್ಟಿದವು. ಇಲೈತಿಯಾ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿ ಹೊರಗೆ ಹೋದ.

ಆ ಕೆಲಸ ಕೊಡಿಸಿದವನೇ ಅಪೆನಿಸಾ. "ಅಮ್ಮನ ಹತ್ರ ಒಬ್ಬ ಇರ್ಬೇಕು. ಮನೇಲೇ ಕೂತು ದುಡಿ, ನಾನು ಹೇಳ್ತೀನಿ ಅವರಿಗೆ" ಎಂದಿದ್ದ. ಚಿಕ್ಕಂದಿನಲ್ಲಿ ಹವಳದ ದಿಬ್ಬದ ಮೇಲೆ ತಮ್ಮನ ಪಾದ ಸೀಳಿದಾಗ ಬೆನ್ನ ಮೇಲೆ ಹೊತ್ತು ದಡ ಮುಟ್ಟಿಸಿದವನು. ದಾರಿಯುದ್ದಕ್ಕೂ ತಮ್ಮನಿಗಿಂತ ಜೋರಾಗಿ ಅತ್ತವನು.

ಅಂಥವನು ಈಗ ಹೀಗಾಗಿದ್ದ. ಯಾವಾಗಿನಿಂದ ಎಂಬುದೂ ಇಲೈತಿಯಾನಿಗೆ ಗೊತ್ತಿತ್ತು. ಹೊಸ ಸಾಫ್ಟ್‌ವೇರ್ ಬಂದ ಮೇಲಿನಿಂದ. ಅದು ಎಲ್ಲರ ಹರಕು ಕಿಟಕಿಬಟ್ಟೆ, ತಗಡಿನ ಗೋಡೆ ಅಳಿಸಿ ಒಂದೇ ನೀಲಿ ಗೋಡೆ ತೋರಿಸುತ್ತಿತ್ತು. ಗಮನ ಕೆಡುತ್ತದೆಂದು ತನ್ನ ಮುಖ ತನಗೆ ಕಾಣಿಸುವ ಚೌಕವನ್ನೂ ತೆಗೆದುಹಾಕಿತ್ತು. ಆ ನೀಲಿ ಗೋಡೆಯ ಮುಂದೆ ಕೂತವನೇ ಅಣ್ಣ ಸಾಹೇಬನಾಗಿಬಿಟ್ಟ ಎಂದುಕೊಂಡಿದ್ದ ಇಲೈತಿಯಾ.

ಸಕ್ಕರೆ ಕಾಯಿಲೆಯಿಂದ ಅಮ್ಮನ ಕಾಲು ಕಪ್ಪಾದಾಗ, ಊಟದ ಬಿಡುವಿನಲ್ಲಿ ಅದೇ ಪರದೆಯಲ್ಲಿ ಅಣ್ಣನಿಗೆ ಹೇಳಿದ್ದ: "ಮಂಡಿ ಕೆಳಗೆ ತೆಗೀಬೇಕಂತೆ."

"ಕಾಲು ಹೋದ್ರೆ ಹೋಗ್ಲಿ, ಜೀವ ಉಳೀಲಿ. ನನಗೆ ರಜೆ ಕೊಡ್ತಿಲ್ಲ ಕಣೋ." ಆಗಲೂ ಅದೇ ನಗು. ದನಿಯಲ್ಲಿ ಅಳು, ಮುಖದಲ್ಲಿ ಹಬ್ಬ. ಎಂಥ ನಾಟಕದವನು! ಅಂದಿನಿಂದ ಇಲೈತಿಯಾ ಅಣ್ಣನ ಫೋನ್ ಎತ್ತುವುದನ್ನೇ ಬಿಟ್ಟಿದ್ದ.

ಈಗ ಆ ಕಡೆಯಿಂದಲೂ ಫೋನ್ ಬರಲಿಲ್ಲ. ಅಮ್ಮ ಸತ್ತ ಮೇಲೆ ಒಂದೇ ಒಂದು ಸಲವೂ ಇಲ್ಲ. ಅಂಗಳದಲ್ಲಿ ಚಪ್ಪರ ಎದ್ದಿತು. ಪೆಟ್ಟಿಗೆಯ ಕೆಳಗೆ ಹಾಸಲು ಹೆಂಗಸರು ಚಾಪೆ ಹೊತ್ತು ಬಂದರು. ಗಂಡಸರು ಬೇರು ಅರೆದು ಮಾಡಿದ ಯಂಗೋನದ ಬಟ್ಟಲಿನ ಸುತ್ತ ಕೂತು ಕುಡಿದರು. ಎಲ್ಲರೂ ಕೇಳುತ್ತಿದ್ದದ್ದು ಒಂದೇ ಮಾತು: ದೊಡ್ಡವನೆಲ್ಲಿ?

"ನಾಳೆ ದೋಣಿಗೆ ಬರ್ತಾನಂತೆ, ನನಗೆ ಹೇಳಿ ಕಳ್ಸಿದಾನೆ" ಎಂದಳು ಸಾಲೊತೆ ಚಿಕ್ಕಮ್ಮ.

"ಬರ್ಲಿ. ಅಮ್ಮನ ಪೆಟ್ಟಿಗೆ ಮುಟ್ಟಕ್ಕೆ ಬಿಡಲ್ಲ."

"ಬಾಯಿ ತೊಳ್ಕೋ ಹೋಗು! ಒಡಹುಟ್ಟಿದವನ ಬಗ್ಗೆ ಆಡೋ ಮಾತಾ ಇದು?"

"ಅವನು ನಕ್ಕ, ಚಿಕ್ಕಮ್ಮ. ಅಮ್ಮ ಸತ್ಲು ಅಂದ್ರೆ ನಕ್ಕ. ಕಣ್ಣಾರೆ ನೋಡಿದೀನಿ. ಆ ಹಲ್ಲು ನೆನೆಸ್ಕೊಂಡ್ರೆ ಅನ್ನ ಇಳಿಯಲ್ಲ ನಂಗೆ."

ಚಿಕ್ಕಮ್ಮ ಬಾಯಿಗೆ ಅಂಗೈ ಒತ್ತಿಕೊಂಡಳು.

ಮರುದಿನ ದೋಣಿ ಬರುವ ಮೊದಲೇ ಇಲೈತಿಯಾ ಧಕ್ಕೆಯಲ್ಲಿ ನಿಂತಿದ್ದ. ಅಂಗಳದ ತನಕ ಬರಗೊಡಬಾರದು, ಇಲ್ಲೇ ಮುಗಿಸಬೇಕು. ಆ ಬಾಯಿಗೆ ಒಂದೇ ಗುದ್ದು. ಆಮೇಲೆ ಜನ್ಮದಲ್ಲಿ ಆ ಮುಖ ನೋಡಬೇಕಿಲ್ಲ.

ಅಪೆನಿಸಾ ಕೊನೆಯವನಾಗಿ ಇಳಿದ. ಹೆಗಲ ಮೇಲೆ ಅಮ್ಮನಿಗೆಂದು ತಂದ ಹೊಸ ಚಾಪೆಯ ಸುರುಳಿ. ಎಷ್ಟೋ ದಿನ ಉಂಡಿಲ್ಲದವನಂತೆ ಇಳಿದುಹೋಗಿದ್ದ. ಕಣ್ಣು ಊದಿ ಕೆಂಪಾಗಿತ್ತು. ಕುಡಿದಿದ್ದಾನೆ ಎಂದುಕೊಂಡು ಇಲೈತಿಯಾ ಮುಷ್ಟಿ ಬಿಗಿದ.

ಮೊದಲು ಬಿದ್ದದ್ದು ಅಣ್ಣನ ಏಟು. ಚಾಪೆ ನೆಲಕ್ಕೆಸೆದು, ಅಪೆನಿಸಾ ತಮ್ಮನ ಕೆನ್ನೆಗೆ ಬಾರಿಸಿದ್ದ. ಅಂಗಿಯ ಕೊರಳಪಟ್ಟಿ ಹಿಡಿದು ಜಗ್ಗಿದ.

"ಥೂ! ಅಮ್ಮ ಹೋದ್ಲು ಅಂತ ನನಗೆ ಹೇಳ್ತಾ ಹಲ್ಲು ಕಿಸೀತಿದ್ದೆಯಲ್ಲೋ! ದನಿ ಮಾತ್ರ ಅಳೋ ಹಾಗೆ ಮಾಡ್ಕೊಂಡು! ಅವಳ ಕಾಲು ತೆಗೀತಾರೆ ಅಂದಾಗ್ಲೂ ನಗು! ಮನುಷ್ಯನೇನೋ ನೀನು?"

ಆ ಬೆಳಗ್ಗೆ ಪರದೆಯ ಮುಂದೆ ಇಲೈತಿಯಾ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ತಗಡಿನ ಗೋಡೆ ಅಳಿಸುವ ಸಾಫ್ಟ್‌ವೇರ್ ಇಬ್ಬರ ಅಳುವನ್ನೂ ಅಳಿಸಿ ನಗು ಬಳಿದಿತ್ತು.