ನಾಲ್ಕರಿಂದ ಭಾಗಿಸಿ ಉಳಿದಷ್ಟು

ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂದರೆ ಈಗಲೂ ನಾನು ಮನಸ್ಸಿನಲ್ಲೇ ನಾಲ್ಕರಿಂದ ಭಾಗಿಸುತ್ತೇನೆ.

ಆ ಮಧ್ಯಾಹ್ನ ಸಾದಲಿಯ ನಮ್ಮ ಹುಳುಮನೆಯಲ್ಲಿ ಅಕ್ಕ ಹಣ್ಣಾದ ರೇಷ್ಮೆಹುಳುಗಳನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡುತ್ತ, ಮರುದಿನದ ಪಿಯುಸಿ ಗಣಿತ ಪರೀಕ್ಷೆಗೆ ಓದುತ್ತಿದ್ದಳು. ನೆನಪಿಟ್ಟುಕೊಳ್ಳಲು ಅವಳು ಮಾಡಿಕೊಂಡ ಆಟದಲ್ಲಿ, ಐ ಎಂಬ ಕಾಲ್ಪನಿಕ ಸಂಖ್ಯೆಯಿಂದ ಗುಣಿಸಿದ ಪ್ರತಿ ಸಲಕ್ಕೂ ನಾನು ಎಡಕ್ಕೆ ಕಾಲು ಸುತ್ತು ತಿರುಗಬೇಕಿತ್ತು.

“ಐ ಪವರ್ ನಲವತ್ತೇಳು,” ಎಂದಳು. ನಾನು ಸುತ್ತತೊಡಗಿದೆ.

“ಅಷ್ಟೊಂದು ಬೇಡ ಕಣೇ. ನಾಲ್ಕು ಸಲಕ್ಕೆ ಮೊದಲಿದ್ದ ಕಡೆಗೇ ಬರ್ತೀಯ. ನಾಲ್ಕರಿಂದ ಭಾಗಿಸು, ಉಳಿದಷ್ಟು ತಿರುಗು.”

ಮೂರು ಸಲ ತಿರುಗಿದೆ. “ಮೈನಸ್ ಐ,” ಎಂದಳು.

ಅಮ್ಮ ಬಂದು ಸೊಪ್ಪಿನ ಬುಟ್ಟಿ ಇಳಿಸಿದಳು. “ನಾಳೆ ಹುಳ ಎಲ್ಲಾ ಒಟ್ಟಿಗೇ ಹಣ್ಣಾಗ್ತಾವೆ, ನನ್ನೊಬ್ಬಳ ಕೈಲಿ ಆಗಲ್ಲ. ಪರೀಕ್ಷೆ ಬರೋ ವರ್ಷ ಬರಿಯಮ್ಮ.”

ಅಕ್ಕನ ಕೈ ನಿಲ್ಲಲಿಲ್ಲ. “ಐ ಪವರ್ ನೂರು,” ಎಂದಳು ನನಗೆ. ನಾನು ಕಾಲೆತ್ತಿದೆ.

“ಏನೂ ಉಳಿಯಲ್ಲ,” ಎಂದಳು. “ನಿಂತಲ್ಲೇ ಇರು.”