ಚಂದ್ರನೂರಿನಲ್ಲಿ ನೆಟ್ಟ ಹಲ್ಲು

ಚಂದ್ರನ ಮೇಲಿನ ಊರಾದ ಚಂದ್ರನೂರಿನಲ್ಲಿ ಮೈತೂಕ ಕಡಿಮೆಯಾಗಿ ಎಲುಬು ಸವೆಯದಿರಲೆಂದು ಎಲ್ಲರೂ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರು. ಶಹನಾಯಿ ನುಡಿಸುವ ಬಾಳವ್ವನ ಮುಂದಿನ ಹಲ್ಲು ಬಿದ್ದು, ಊದಿದರೆ ಉಸಿರು ಸೋರತೊಡಗಿತು. ದಂತವೈದ್ಯೆ ನಸೀಮಾ ಹೊಸ ಹಲ್ಲು ಕೂರಿಸಲು ದವಡೆಯಲ್ಲಿ ಲೋಹದ ಬೇರು ನೆಟ್ಟು ಎಚ್ಚರಿಸಿದಳು: "ಈ ಮದ್ದಿನಿಂದ ಹಳೇ ಎಲುಬು ಸವಿಯೂದಿಲ್ಲರೀ, ಆದ್ರ ಹೊಸಾದು ಹುಟ್ಟೂದೂ ತಡ. ಎಲುಬು ಈ ಬೇರನ್ನ ಹಿಡೀದನೂ ಇರಬಹುದು."

"ಮದ್ದು ಬಿಟ್ರ?"

"ಇಲ್ಲಿ ಬಿಟ್ರ ಸೊಂಟಾನ ಮುರೀತೈತಿ."

ಬಾಳವ್ವ ಮದ್ದನ್ನೂ ಬಿಡಲಿಲ್ಲ, ಆಸೆಯನ್ನೂ ಬಿಡಲಿಲ್ಲ. ಒಸಡನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ, ಶಹನಾಯಿ ಮುಟ್ಟದೆ ವರ್ಷ ಕಳೆದಳು.

ಭೂಮಿ ಆಕಾಶದಲ್ಲಿ ತುಂಬಿ ಹೊಳೆಯುತ್ತಿದ್ದ ದಿನ ನಸೀಮಾ ಆ ಲೋಹವನ್ನು ಮೆಲ್ಲಗೆ ತಟ್ಟಿದಳು. ಟಣ್ ಎಂದಿತು.

"ಎಲುಬು ಹಿಡದೈತ್ರೀ!"

ಬಾಳವ್ವ ಕಣ್ಣರಳಿಸಿದಳು. "ಇನ್ನೊಮ್ಮೆ ತಟ್ಟವಾ, ಯಾವ ಸ್ವರ ಅಂತ ಕೇಳ್ತೀನಿ."